ಮೇನರ್ ಹೌಸಿನ ಹುಲ್ಲುಗಾವಲಲ್ಲಿ ಮಧ್ಯಯುಗದ ಕಾಳಗ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಯುದ್ಧವನ್ನು ಮತ್ತೆ ಮಾಡಿ ತೋರಿಸುವ ಇಂಥ ಕಾಳಗವನ್ನು, ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ಒಂದು ಶನಿವಾರ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದವಳು ನಾನು. ಮುಂದಿನ ಬೇಸಿಗೆಗೆ ಅದನ್ನು ಮಾಡುವ ಒಂದು ಗುಂಪು ಸೇರಿದೆ. ಮೊದಲ ವರ್ಷ ಕಾಳಗದ ನಡುವೆ ನೀರು ಹೊತ್ತೆ, ಈಗ ಆಯುಧ ಹಿಡಿದು ಸಾಲಿನಲ್ಲಿ ನಿಲ್ಲುತ್ತೇನೆ. ಕನ್ನಡ ಕೂಟದ ಊಟದಲ್ಲಿ, ವೀಡಿಯೊ ಕಾಲಿನಲ್ಲಿ, ಪತ್ರಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ನೀವು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ಸಲ ಕೇಳುವವರಿಗೆ

ಇದೇನು, ನಾಟಕಾನಾ, ಜಾತ್ರೇನಾ, ನಿಜವಾದ ಹೊಡೆದಾಟಾನಾ?

ಮೂರರದ್ದೂ ಸ್ವಲ್ಪ ಸ್ವಲ್ಪ ಇದೆ. ಇದಕ್ಕೆ ರೀಎನಾಕ್ಟ್‌ಮೆಂಟ್ ಅನ್ನುತ್ತಾರೆ. ಹಿಂದೆ ನಡೆದ ಒಂದು ಯುದ್ಧವನ್ನು ಆ ಕಾಲದ ಬಟ್ಟೆ, ಆಯುಧ, ಡೇರೆಗಳ ಜೊತೆ ಮತ್ತೆ ಮಾಡಿ ತೋರಿಸುವುದು. ಶುಕ್ರವಾರ ಸಂಜೆ ಕಾರುಗಳು ಬರುತ್ತವೆ, ಕತ್ತಲಾಗುವುದರೊಳಗೆ ಕ್ಯಾನ್ವಾಸ್ ಡೇರೆಗಳು ಏಳುತ್ತವೆ, ಶನಿವಾರ ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಪ್ಲಾಸ್ಟಿಕ್ ಡಬ್ಬಿ, ಫೋನು, ಕೈಗಡಿಯಾರ ಎಲ್ಲ ಕಣ್ಣಿಗೆ ಬೀಳದ ಹಾಗೆ ಒಳಗೆ ಹೋಗಿರಬೇಕು. ಎರಡು ದಿನವೂ ಮಧ್ಯಾಹ್ನ ಒಂದು ಕಾಳಗ. ಉಳಿದ ಹೊತ್ತೆಲ್ಲ ಶಿಬಿರದ ಬದುಕು: ಅಡುಗೆ, ಹೊಲಿಗೆ, ಕಮ್ಮಾರಿಕೆ, ಬಾಣ ಮಾಡುವುದು, ಪ್ರಾರ್ಥನೆ. ಹೆಚ್ಚಿನವರು ಸಂಬಳಕ್ಕೆ ಬಂದವರಲ್ಲ. ವಾರವಿಡೀ ನರ್ಸು, ಲಾರಿ ಡ್ರೈವರು, ಟೀಚರ್ ಆಗಿದ್ದವರು ರಜೆಯಲ್ಲಿ ತಮ್ಮ ಸ್ವಂತ ದುಡ್ಡು ಹಾಕಿಕೊಂಡು ಬಂದಿರುತ್ತಾರೆ.

ಮೇನರ್ ಹೌಸ್ ಅಂದ್ರೆ ಅರಮನೇನಾ, ಕೋಟೇನಾ?

ಎರಡೂ ಅಲ್ಲ. ನಮ್ಮ ಕರಾವಳಿಯ ಗುತ್ತಿನ ಮನೆಯನ್ನು ನೆನಪಿಸಿಕೊಂಡರೆ ಸುಲಭವಾಗಿ ಅರ್ಥವಾಗುತ್ತದೆ. ಸುತ್ತಲಿನ ಜಮೀನಿನ ಒಡೆಯನ ಮನೆ ಅದು. ಅಲ್ಲೇ ಗೇಣಿ ವಸೂಲಿ, ಅಲ್ಲೇ ಪಂಚಾಯ್ತಿ, ಹಬ್ಬಕ್ಕೆ ಊಟವೂ ಅಲ್ಲೇ. ಮನೆಯ ಜೀವ ಇರುವುದು ದೊಡ್ಡ ಹಜಾರದಲ್ಲಿ, ಅದನ್ನು ಗ್ರೇಟ್ ಹಾಲ್ ಅಂತ ಕರೆಯುತ್ತಾರೆ. ಒಂದು ತುದಿಯಲ್ಲಿ ಒಡೆಯನ ಮೇಜು, ಇನ್ನೊಂದು ತುದಿಯಲ್ಲಿ ಅಡುಗೆಮನೆ ಕಡೆಯ ಬಾಗಿಲು.

ನನಗೆ ತುಂಬ ಇಷ್ಟವಾದದ್ದು ಲಿಂಕನ್‌ಶೈರಿನ ಗೇನ್ಸ್‌ಬರೋ ಓಲ್ಡ್ ಹಾಲ್. ಸರ್ ಥಾಮಸ್ ಬರೋ ಅನ್ನುವವನು 1460ರ ಸುಮಾರಿಗೆ ಕಟ್ಟಿಸಿದ ಮನೆ. ಬಹುಪಾಲು ಮರದ ಚೌಕಟ್ಟಿನದು, ಜೊತೆಗೆ ಇಟ್ಟಿಗೆಯ ಒಂದು ಗೋಪುರ. ಹಜಾರದಲ್ಲಿ ನಿಂತು ತಲೆ ಎತ್ತಿದರೆ ಬಾಗಿದ ದೊಡ್ಡ ದೊಡ್ಡ ತೊಲೆಗಳು ಮಾಡನ್ನು ಹೊತ್ತು ನಿಂತಿರುವುದು ಕಾಣುತ್ತದೆ. ಅಡುಗೆಮನೆಯ ಒಲೆಗೂಡುಗಳ ಒಳಗೆ ಆರಾಮಾಗಿ ನಡೆದು ಹೋಗಬಹುದು. ಇಂಥ ಮನೆ ಬೆನ್ನಿಗಿದ್ದರೆ ಹೊರಗಿನ ಶಿಬಿರಕ್ಕೆ ಒಂದು ತೂಕ ಬರುತ್ತದೆ. ಬರೀ ಬಯಲಿನಲ್ಲಿ ಮಾಡಿದರೆ ಅದು ಬರುವುದಿಲ್ಲ.

ಯಾವ ಯುದ್ಧ ಇದು? ರೋಜಾ ಹೂವು ಎಲ್ಲಿಂದ ಬಂತು?

ಇಂಗ್ಲೆಂಡಿನ ಮೇನರ್ ಹೌಸುಗಳಲ್ಲಿ ಹೆಚ್ಚಾಗಿ ಕಾಣುವುದು ವಾರ್ಸ್ ಆಫ್ ದ ರೋಸಸ್, ಅಂದರೆ 1455ರಿಂದ 1487ರವರೆಗೆ ಬಿಟ್ಟು ಬಿಟ್ಟು ನಡೆದ ಸಿಂಹಾಸನದ ಜಗಳ. ಒಂದೇ ರಾಜವಂಶದ ಎರಡು ಕವಲು, ಯಾರ್ಕ್ ಮತ್ತು ಲಂಕಾಸ್ಟರ್. ದಾಯಾದಿ ಕಲಹ ಅಂದರೆ ನಮಗೆ ಬೇರೆ ವಿವರಣೆ ಬೇಡ, ಅಲ್ವಾ? ಬಿಳಿ ರೋಜಾ ಯಾರ್ಕ್ ಕಡೆಯವರ ಗುರುತುಗಳಲ್ಲಿ ಒಂದಾಗಿತ್ತು. ಕೆಂಪು ರೋಜಾ ಎದ್ದು ಕಾಣತೊಡಗಿದ್ದು ಕೊನೆಗೆ ಗೆದ್ದ, ಲಂಕಾಸ್ಟರ್ ಕಡೆಯ ಹೆನ್ರಿ ಟ್ಯೂಡರ್‌ನಿಂದ. ಯುದ್ಧಕ್ಕೆ ಈ ಹೆಸರು ರೂಢಿಯಾಗಿದ್ದು 19ನೇ ಶತಮಾನದಲ್ಲಿ. ಮೈದಾನದಲ್ಲಿ ಸೈನಿಕರು ರೋಜಾಕ್ಕಿಂತ ಜಾಸ್ತಿ ನೋಡುತ್ತಿದ್ದದ್ದು ತಮ್ಮ ತಮ್ಮ ಒಡೆಯನ ಬಣ್ಣದ ಅಂಗಿ ಮತ್ತು ಬಿಲ್ಲೆಯನ್ನು. ಯಾರ್ಕ್ ವಂಶದ ದೊರೆ ಮೂರನೇ ರಿಚರ್ಡ್ ಕಡೆಯವರದು ಬಿಳಿ ಕಾಡುಹಂದಿ.

ಅದೇ ಹೊತ್ತಿಗೆ ನಮ್ಮ ಕಡೆ ಏನಾಗುತ್ತಿತ್ತು ಅಂತ ಅಪ್ಪ ಕೇಳಿದ್ದರು. 1485ರಲ್ಲಿ ಬಾಸ್ವರ್ತ್ ಕಾಳಗದಲ್ಲಿ ರಿಚರ್ಡ್ ಸತ್ತು ವಂಶವೇ ಬದಲಾಯಿತು. ವಿಜಯನಗರದಲ್ಲಿ ಸಂಗಮರ ಕೈಯಿಂದ ಸಾಳುವ ನರಸಿಂಹ ಸಿಂಹಾಸನ ತೆಗೆದುಕೊಂಡದ್ದೂ ಆ ಹೊತ್ತಿಗೇ.

## ನೋಡೋಕೆ ಹೋಗುವವರಿಗೆ

ಕಾಳಗ ಮಧ್ಯಾಹ್ನ ಅಂದ್ರಲ್ಲ, ಆ ಹೊತ್ತಿಗೆ ಹೋದ್ರೆ ಸಾಲಲ್ವಾ?

ದಯವಿಟ್ಟು ಹಾಗೆ ಮಾಡಬೇಡಿ. ಕಾಳಗ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ, ಅಷ್ಟೇ. ಈ ವೀಕೆಂಡಿನ ನಿಜವಾದ ಸಂಪತ್ತು ಇರುವುದು ಬೆಳಗ್ಗೆ 10ರಿಂದ 1ರ ತನಕ ಶಿಬಿರದಲ್ಲಿ. ಆಗ ಜನ ಕಡಿಮೆ, ಒಲೆ ಉರಿಯುತ್ತಿರುತ್ತದೆ, ಕೂತವರಿಗೆ ಮಾತಾಡಲು ಪುರುಸೊತ್ತಿರುತ್ತದೆ. ಒಬ್ಬ ಹೆಂಗಸು ಉಣ್ಣೆ ನೂಲು ತೆಗೆಯುತ್ತಿದ್ದರೆ ಪಕ್ಕದಲ್ಲಿ ಕೂತು ಕೇಳಿ, ಈ ನೀಲಿ ಬಣ್ಣ ಎಲ್ಲಿಂದ ಬಂತು ಅಂತ. ವೋಡ್ ಅನ್ನುವ ಗಿಡದ ಎಲೆಯಿಂದ ಅನ್ನುತ್ತಾರೆ. ಅದರಲ್ಲಿರುವ ಬಣ್ಣ ನಮ್ಮ ನೀಲಿ ಗಿಡದ ಬಣ್ಣವೇ, ಗಿಡ ಮಾತ್ರ ಬೇರೆ. ಈ ವಿಷಯ ನನಗೆ ಗೊತ್ತಾಗಿದ್ದು ಹಾಗೆ ಒಂದು ಬೆಳಗ್ಗೆ ಹುಲ್ಲಿನ ಮೇಲೆ ಕೂತಾಗ, ಕೈಯಲ್ಲಿ ಆ ನೂಲು ಹಿಡಿದುಕೊಂಡು.

ಏನು ಕೇಳಬೇಕು ಅಂತ ತೋಚದಿದ್ದರೆ ಕಾಲಿನಲ್ಲಿರುವ ಚಪ್ಪಲಿಯ ಬಗ್ಗೆ ಕೇಳಿ. ಚರ್ಮವನ್ನು ಒಳಮಗ್ಗಲಾಗಿ ಹೊಲಿದು ಆಮೇಲೆ ತಿರುವಿದ ಮೆಟ್ಟು ಅದು. ಅದರ ಬಗ್ಗೆ ಎರಡು ಮಾತಿನಲ್ಲಿ ಮುಗಿಸಿದವರನ್ನು ನಾನು ಇನ್ನೂ ನೋಡಿಲ್ಲ.

ಮಗನಿಗೆ ಐದು ವರ್ಷ. ಹೆದರ್ಕೊಳ್ತಾನಾ?

ಬಾಣ, ಕತ್ತಿಗೆ ಮಕ್ಕಳು ಹೆದರುವುದು ಕಡಿಮೆ. ಹೆದರುವುದು ಸದ್ದಿಗೆ. 15ನೇ ಶತಮಾನದಲ್ಲಿ ಬಂದೂಕು, ಫಿರಂಗಿ ಎರಡೂ ಇದ್ದವು, ಹಾಗಾಗಿ ಇಲ್ಲೂ ಇರುತ್ತವೆ. ಗುಂಡು ಹಾಕುವುದಿಲ್ಲ, ಬರೀ ಮದ್ದು, ಆದರೂ ಎದೆ ನಡುಗುತ್ತದೆ. ಕಿವಿಗೆ ಮುಚ್ಚಿಕೊಳ್ಳುವ ಮಕ್ಕಳ ಮಫ್ ಒಯ್ಯಿರಿ, ನೋಡುವವರಿಗೆ ಅಡ್ಡ ಕಟ್ಟಿದ ಹಗ್ಗದಿಂದ ದೂರ ನಿಲ್ಲಿ. ಇನ್ನೊಂದು ವಿಷಯ: ಬೆಳಗ್ಗೆ ಯಾರ ಜೊತೆ ಮಗು ಮಾತಾಡಿತ್ತೋ ಅವರೇ ಮಧ್ಯಾಹ್ನ ಸತ್ತ ಹಾಗೆ ಬಿದ್ದಾಗ ಅಳು ಬರಬಹುದು. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಕೈ ಬೀಸುತ್ತಾರೆ ಅಂತ ಮೊದಲೇ ಹೇಳಿಡಿ, ಅದನ್ನು ನೋಡದೆ ಹೊರಡಬೇಡಿ.

ಮಳೆ ಬಂದ್ರೆ ಕ್ಯಾನ್ಸಲ್ಲಾ?

ಸಾಮಾನ್ಯ ಮಳೆಗೆ ಇಲ್ಲ. ಗುಡುಗು ಮಿಂಚು, ಜೋರು ಗಾಳಿ ಇದ್ದರೆ, ಅಥವಾ ಕಾರು ನಿಲ್ಲಿಸುವ ಗದ್ದೆ ಕೆಸರಾಗಿ ಹೋದರೆ ನಿಲ್ಲಿಸುತ್ತಾರೆ. ಮಳೆಗೂ ಈ ಹವ್ಯಾಸಕ್ಕೂ ಹಳೆಯ ನಂಟು. 1839ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಎಗ್ಲಿಂಟನ್‌ನಲ್ಲಿ ಅಲ್ಲಿನ ಅರ್ಲ್, ಅಂದರೆ ಶ್ರೀಮಂತ ಒಡೆಯ, ಮಧ್ಯಯುಗದ ಶೈಲಿಯ ದೊಡ್ಡ ಟೂರ್ನಮೆಂಟ್, ಅಂದರೆ ಕುದುರೆ ಮೇಲೆ ಈಟಿ ಹಿಡಿದು ಆಡುವ ಸ್ಪರ್ಧೆ, ಇಟ್ಟುಕೊಂಡಿದ್ದ. ಜನ ಸಾಗರದ ಹಾಗೆ ಬಂದರು, ಮಳೆಯೂ ಹಾಗೇ ಬಂತು, ಮೊದಲ ದಿನ ಪೂರ್ತಿ ಹಾಳಾಯಿತು. ರಬ್ಬರ್ ಬೂಟು ಹಾಕಿಕೊಂಡು ಹೋಗಿ, ಛತ್ರಿ ಬೇಡ, ಹಿಂದಿನವರಿಗೆ ಕಾಣುವುದಿಲ್ಲ.

ನಾವು ವೆಜಿಟೇರಿಯನ್ನು. ಇಡೀ ಹಂದಿ ಸುಡ್ತಾ ಇರ್ತಾರೆ ಅಂತ ಕೇಳಿದೆ, ಏನು ತಿನ್ನೋದು?

ಹೊಟ್ಟೆ ತುಂಬಲು ಹೊರಗೆ ಈ ಕಾಲದ ಗಾಡಿಗಳು ಇರುತ್ತವೆ, ಚಿಪ್ಸೋ ಪಿಜ್ಜಾವೋ ಸಿಗುತ್ತದೆ. ಶಿಬಿರದ ಮಡಕೆಯಲ್ಲಿ ಬೇಯುತ್ತಿರುವುದು ಅಲ್ಲಿರುವವರ ಊಟ, ಸಾಮಾನ್ಯವಾಗಿ ನೋಡಲು ಬಂದವರಿಗೆ ಬಡಿಸುವ ಹಾಗಿಲ್ಲ. ಆದರೆ ಬಗ್ಗಿ ನೋಡಿ. ಬಹಳ ಸಲ ಅದು ಬಟಾಣಿ, ಈರುಳ್ಳಿ, ಸೊಪ್ಪು, ಬಾರ್ಲಿ ಹಾಕಿದ ಪಾಟೇಜ್ ಆಗಿರುತ್ತದೆ, ನೋಡೋಕೆ ನಮ್ಮ ಗಟ್ಟಿ ಬಸ್ಸಾರಿನ ಹಾಗೆ. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಯಾವುದೂ ಇರುವುದಿಲ್ಲ. ಅವೆಲ್ಲ ಅಮೆರಿಕ ಖಂಡದಿಂದ ಬರಲು ಇನ್ನೂ ಕಾಲ ಬೇಕಿತ್ತು, ನಮ್ಮೂರಿಗೂ ಅಷ್ಟೇ. ಆದರೆ ಸಿರಿವಂತರ ಅಡುಗೆಯಲ್ಲಿ ಕಾಳುಮೆಣಸು, ಶುಂಠಿ, ದಾಲ್ಚಿನ್ನಿ ಇರುತ್ತಿತ್ತು. ಆ ಮೆಣಸು ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ, ಅರಬ್ ವ್ಯಾಪಾರಿಗಳ ಕೈ ದಾಟಿ, ವೆನಿಸ್ ಮೂಲಕ ಇಲ್ಲಿಗೆ ಬರುತ್ತಿದ್ದದ್ದು. ಒಂದು ಮೇನರ್ ಹೌಸಿನ ಅಡುಗೆಮನೆಯಲ್ಲಿ ಕಲ್ಲಿನ ಒರಳಿನಲ್ಲಿ ಮೆಣಸು ಕುಟ್ಟುವ ವಾಸನೆ ಬಂದಾಗ ನನಗೆ ಅಜ್ಜಿ ಮನೆಯ ಹಿತ್ತಿಲ ಮೆಣಸಿನ ಬಳ್ಳಿ ಕಣ್ಣ ಮುಂದೆ ಬಂತು.

ಮಧ್ಯಯುಗದವರು ದಿನಾ ಮಾಂಸ ತಿನ್ನುತ್ತಿದ್ದರು ಅನ್ನುವುದೂ ತಪ್ಪು. ಚರ್ಚಿನ ನಿಯಮದ ಪ್ರಕಾರ ಶುಕ್ರವಾರ, ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸ ಹೀಗೆ ವರ್ಷದಲ್ಲಿ ಎಷ್ಟೋ ದಿನ ಮಾಂಸ ಇಲ್ಲ. ಲೆಂಟ್‌ನಲ್ಲಿ ಹಾಲೂ ಇಲ್ಲ. ಉಳ್ಳವರು ಆಗ ಬಾದಾಮಿ ಹಾಲು ಬಳಸುತ್ತಿದ್ದರು.

## ಕಾಳಗದ ಬಗ್ಗೆ

ಕತ್ತಿ ನಿಜವಾದ್ದಾ? ಪೆಟ್ಟಾಗಲ್ವಾ?

ಲೋಹ ನಿಜವಾದದ್ದು, ಹರಿತ ಇಲ್ಲ. ಅಂಚನ್ನು ನಾಣ್ಯದ ಅಂಚಿನಷ್ಟು ದಪ್ಪ ಇಟ್ಟು, ತುದಿಯನ್ನು ದುಂಡಗೆ ಮಾಡಿರುತ್ತಾರೆ. ಪ್ರತಿ ಕಾಳಗದ ಮೊದಲು ಒಬ್ಬರು ಬಂದು ಎಲ್ಲರ ಆಯುಧದ ಮೇಲೂ ಕೈ ಆಡಿಸುತ್ತಾರೆ. ಒಂದು ಸಣ್ಣ ಮುರಿ ಸಿಕ್ಕರೂ ಅರ ಹಾಕಿಕೊಂಡು ಬಾ ಅನ್ನುತ್ತಾರೆ. ಮುಖಕ್ಕೆ ಚುಚ್ಚುವ ಹಾಗಿಲ್ಲ. ಏಟಿನ ವೇಗ ತೋರಬೇಕು, ಮೈಗೆ ತಾಗುವ ಮೊದಲು ಕೈ ಬಿಗಿ ಹಿಡಿಯಬೇಕು. ಇದನ್ನು ಕಲಿಯಲು ಚಳಿಗಾಲವಿಡೀ ಅಭ್ಯಾಸ ಮಾಡುತ್ತೇವೆ. ಬಾಣದ ತುದಿಗೆ ರಬ್ಬರಿನ ಗುಬಟು ಇರುತ್ತದೆ, ಬಿಲ್ಲೂ ಹಗುರದ್ದು, 30–35 ಪೌಂಡು ಎಳೆತದ್ದು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕಿದ ಯುದ್ಧದ ಬಿಲ್ಲುಗಳು 100 ಪೌಂಡಿನ ಮೇಲಿನವು, ಅಂಥದ್ದನ್ನು ಜನರ ಮೇಲೆ ಬಿಡುವ ಮಾತೇ ಇಲ್ಲ.

ಹೀಗೆಲ್ಲ ಇದ್ದರೂ ಬೆರಳು ಜಜ್ಜುತ್ತದೆ, ಮೊಣಕಾಲು ಉಳುಕುತ್ತದೆ, ಬಿಸಿಲಿಗೆ ತಲೆ ಸುತ್ತುತ್ತದೆ. ಯಾರಿಗಾದರೂ ನಿಜವಾಗಿ ಏಟಾದರೆ 'ಹೋಲ್ಡ್' ಅಂತ ಕೂಗು ಹೊರಡುತ್ತದೆ, ಇಡೀ ಮೈದಾನ ನಿಂತಲ್ಲೇ ನಿಲ್ಲುತ್ತದೆ. ನೂರಾರು ಜನ ಒಂದೇ ಕ್ಷಣಕ್ಕೆ ಸುಮ್ಮನಾಗುವುದನ್ನು ನೀವು ನೋಡಿದರೆ ಅದು ನಾಟಕದ ಭಾಗ ಅಲ್ಲ ಅಂತ ತಿಳಿಯಿರಿ.

ಯಾರು ಗೆಲ್ತಾರೆ ಅಂತ ಮೊದಲೇ ಗೊತ್ತಿರುತ್ತಾ? ಯಾವಾಗ ಸಾಯ್ಬೇಕು ಅಂತ ಹೇಗೆ ತಿಳಿಯುತ್ತೆ?

ಇತಿಹಾಸದಲ್ಲಿ ಗೆದ್ದವರೇ ಗೆಲ್ಲಬೇಕು, ಅದನ್ನು ಬದಲಿಸುವುದಿಲ್ಲ. ದೊಡ್ಡ ಹೆಜ್ಜೆಗಳೂ ಮೊದಲೇ ತೀರ್ಮಾನ: ಬಾಣದ ಮಳೆ, ಫಿರಂಗಿ, ಸಾಲುಗಳ ಡಿಕ್ಕಿ, ನೀರಿಗೆ ಬಿಡುವು, ಕೊನೆಗೆ ಒಂದು ಕಡೆಯವರು ಮುರಿದು ಓಡುವುದು. ಆದರೆ ಸಾಲಿನೊಳಗೆ ಯಾರು ಯಾರನ್ನು ಹೊಡೆಯುತ್ತಾರೆ ಅನ್ನುವುದಕ್ಕೆ ಸ್ಕ್ರಿಪ್ಟ್ ಇಲ್ಲ. ಎದುರಿನವರು ಏಟನ್ನು ಚೆನ್ನಾಗಿ ಇಟ್ಟರೆ, ನಮಗೂ ಸುಸ್ತಾಗಿದ್ದರೆ, ನಾಯಕ 'ಜನ ಕಡಿಮೆ ಮಾಡಿ' ಅಂತ ಪಿಸುಗುಟ್ಟಿದರೆ ಬೀಳುತ್ತೇವೆ. ಆಯುಧವನ್ನು ಮಟ್ಟಸವಾಗಿ ನೆಲಕ್ಕಿಟ್ಟು, ಮುಖ ಕೆಳಗೆ ಮಾಡಿ, ಕೈ ಬೆರಳು ಒಳಗೆಳೆದುಕೊಂಡು ಮಲಗಬೇಕು, ಮೇಲೆ ಯಾರಾದರೂ ಕಾಲಿಟ್ಟಾರು. ಮುಗಿದ ಮೇಲೆ ಸತ್ತವರು ಏಳಲಿ ಅಂತ ಒಬ್ಬರು ಕೂಗುತ್ತಾರೆ.

ಕವಚ ಹಾಕ್ಕೊಂಡು ಬಿದ್ರೆ ಏಳೋಕೇ ಆಗಲ್ಲ ಅಂತಾರಲ್ಲ, ನಿಜಾನಾ?

ಸುಳ್ಳು. ಪೂರ್ತಿ ಉಕ್ಕಿನ ಕವಚ 20ರಿಂದ 25 ಕಿಲೋ ತೂಗುತ್ತದೆ, ಆದರೆ ಆ ಭಾರ ಮೈಗೆಲ್ಲ ಹಂಚಿರುತ್ತದೆ.  ಅಳತೆಗೆ ಸರಿಯಾಗಿ ಮಾಡಿಸಿದ ಕವಚದಲ್ಲಿ ಓಡಬಹುದು, ಏಣಿ ಹತ್ತಬಹುದು, ಬಿದ್ದು ಏಳಬಹುದು. ನಿಜವಾದ ಕಷ್ಟ ಉಸಿರಿನದು, ಬೆವರಿನದು. ಹೆಲ್ಮೆಟ್ಟಿನ ಮುಖವಾಡ ಇಳಿಸಿದರೆ ಕಣ್ಣಿಗೆ ಒಂದು ಸೀಳು ಮಾತ್ರ ಕಾಣುತ್ತದೆ, ಕಿವಿಗೆ ತನ್ನ ಉಸಿರೇ ಕೇಳುತ್ತದೆ. ಸಾಮಾನ್ಯ ಸೈನಿಕರಿಗೆ ಇಷ್ಟೆಲ್ಲ ಇರಲಿಲ್ಲ. ಹತ್ತಾರು ಪದರ ಲಿನನ್ ಬಟ್ಟೆ ಸೇರಿಸಿ ಹೊಲಿದ ದಪ್ಪ ಅಂಗಿ, ಒಂದು ಹೆಲ್ಮೆಟ್, ಕೈಯಲ್ಲಿ ಬಿಲ್. ಬಿಲ್ ಅಂದರೆ ಮಲೆನಾಡಿನಲ್ಲಿ ಸೊಪ್ಪು ಕಡಿಯುವ ಬಾಗಿದ ಕತ್ತಿ ಇದೆಯಲ್ಲ, ಅದನ್ನು ಉದ್ದ ಕೋಲಿಗೆ ಕಟ್ಟಿ ಮೇಲೊಂದು ಮೊಳೆ ಇಟ್ಟ ಹಾಗೆ. ಅದೂ ರೈತರ ಸಲಕರಣೆಯಿಂದಲೇ ಹುಟ್ಟಿದ್ದು. ನಾನು ಹಿಡಿಯುವುದು ಅದನ್ನೇ.

ಯೂಟ್ಯೂಬಲ್ಲಿ ನೋಡಿದ್ದೀನಿ, ನಿಜವಾಗ್ಲೂ ಬಡಿದಾಡ್ತಾರೆ. ಅದೂ ಇದೇನಾ?

ಅದು ಬೇರೆ, ಅದಕ್ಕೆ ಬೂಹರ್ಟ್ ಅನ್ನುತ್ತಾರೆ. ಅದೊಂದು ಕ್ರೀಡೆ, ರೆಫರಿ ಇರುತ್ತಾರೆ, ನೆಲಕ್ಕೆ ಕೆಡವಿದರೆ ಆ ಆಳು ಔಟು. ದೇಶ ದೇಶಗಳ ತಂಡಗಳು ಆಡುವ ಬ್ಯಾಟಲ್ ಆಫ್ ದ ನೇಷನ್ಸ್ 2010ರಲ್ಲಿ ಉಕ್ರೇನಿನಲ್ಲಿ ಶುರುವಾಯಿತು. ಗೆಲ್ಲುವುದೇ ಅಲ್ಲಿ ಮುಖ್ಯ. ಇಲ್ಲಿ ನೋಡುವವರಿಗೆ ಒಂದು ಕಾಲವನ್ನು ತೋರಿಸುವುದು ಮುಖ್ಯ.

## ಸೇರಬೇಕು ಅನ್ನುವವರಿಗೆ

ನಮ್ಮ ಬಣ್ಣದವರನ್ನ ಸೇರಿಸ್ಕೊಳ್ತಾರಾ? ಅದೂ ಹೆಂಗಸರನ್ನ?

ಇದನ್ನು ಎಲ್ಲರೂ ದನಿ ತಗ್ಗಿಸಿ ಕೇಳುತ್ತಾರೆ. ಸೇರಿಸಿಕೊಳ್ಳುತ್ತಾರೆ. ನಾನು ಮೊದಲು ಬರೆದ ಒಂದು ಗುಂಪಿನಿಂದ ಉತ್ತರ ಬರಲಿಲ್ಲ, ಮತ್ತೆ ಬರೆದಾಗ 'ನಿಮಗೆ ಅಡುಗೆ ಕೆಲಸ ಹೊಂದಬಹುದು' ಅಂತ ಬಂತು. ನನಗೆ ನೋವಾಯಿತು. ಎರಡನೇ ಗುಂಪಿನವರು ಕೇಳಿದ್ದು ಎರಡೇ: ಭುಜ ನೋವು ಏನಾದರೂ ಇದೆಯಾ, ಭಾನುವಾರ ಡೇರೆ ಬಿಚ್ಚುವವರೆಗೆ ಇರುತ್ತೀಯಾ. ಅಲ್ಲೇ ಉಳಿದೆ. ಎಷ್ಟೋ ಗುಂಪುಗಳಲ್ಲಿ ಹೆಂಗಸರು ಗಂಡಸರ ಉಡುಪು ಹಾಕಿ ಸಾಲಿನಲ್ಲಿ ನಿಲ್ಲುತ್ತಾರೆ, ನಮ್ಮಲ್ಲೂ ಹಾಗೇ. ನೋಡಲು ಬಂದವರು ಯಾರಾದರೂ 'ಆ ಕಾಲದಲ್ಲಿ ನಿಮ್ಮಂಥವರು ಇಲ್ಲಿ ಇದ್ದರಾ' ಅಂದರೆ ನಾನು ಮೆಣಸಿನ ದಾರಿಯ ಕಥೆ ಹೇಳುತ್ತೇನೆ. ಮಾತು ಅಲ್ಲಿಂದ ಚೆನ್ನಾಗಿ ಬೆಳೆಯುತ್ತದೆ.

ಶುರು ಮಾಡೋಕೆ ಏನೇನು ಬೇಕು? ತುಂಬ ಖರ್ಚಾ?

ಮೊದಲ ವರ್ಷ ಏನೂ ಕೊಳ್ಳಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಗುಂಪಿನವರ ಹತ್ತಿರ ಸಾಲ ಕೊಡಲು ಬಟ್ಟೆ ಇರುತ್ತದೆ. ಆತುರದಲ್ಲಿ ಇಂಟರ್ನೆಟ್ಟಿನಲ್ಲಿ ಕೊಂಡದ್ದನ್ನು ಶಿಬಿರದಲ್ಲಿ ಹಾಕಲು ಬಿಡುವುದಿಲ್ಲ. ಉಣ್ಣೆ ಮತ್ತು ಲಿನನ್ ಬೇಕು, ಜಿಪ್ಪು, ಎಲಾಸ್ಟಿಕ್ಕು ಇರಬಾರದು. ಕಣ್ಣಿಗೆ ಕಾಣುವ ಹೊಲಿಗೆ ಕೈಯದೇ ಆಗಿರಬೇಕು. ಆಮೇಲೆ ಒಂದೊಂದೇ ಮಾಡಿಕೊಳ್ಳಿ: ಲಿನನ್ ಅಂಗಿ, ಚಪ್ಪಲಿ, ಹೆಲ್ಮೆಟ್, ಕೈಗವಸು, ಈ ಕ್ರಮದಲ್ಲಿ. ಪೂರ್ತಿ ಉಕ್ಕಿನ ಕವಚಕ್ಕೆ ಸಾವಿರಾರು ಪೌಂಡ್ ಬೇಕು, ಬಹಳ ಜನ ಜೀವನಪೂರ್ತಿ ಅದಿಲ್ಲದೇ ಸಂತೋಷವಾಗಿದ್ದಾರೆ. ಗುಂಪಿನ ಮೂಲಕ ವಿಮೆ ಇದೆಯಾ ಅಂತ ಮಾತ್ರ ಮೊದಲ ದಿನವೇ ಕೇಳಿ.

ತುಕ್ಕು ಇನ್ನೊಂದು ಕೆಲಸ. ಒದ್ದೆ ಹುಲ್ಲಿನಲ್ಲಿ ಬಿದ್ದ ಹೆಲ್ಮೆಟ್ಟಿಗೆ ಮರುದಿನವೇ ಕೆಂಪು ಚುಕ್ಕೆ. ಮನೆಗೆ ಬಂದ ರಾತ್ರಿಯೇ ಒರೆಸಿ ಎಣ್ಣೆ ಹಚ್ಚುತ್ತೇನೆ. ಕೊಬ್ಬರಿ ಎಣ್ಣೆ ಪ್ರಯತ್ನಿಸಿದ್ದೆ, ಇಲ್ಲಿನ ಚಳಿಗೆ ಗಟ್ಟಿಯಾಗುತ್ತದೆ, ಬೇಡ.

ಊರಿಂದ ಬರುವಾಗ ಒಂದು ಕತ್ತಿ ತಂದುಬಿಡ್ಲಾ?

ಬೇಡವೇ ಬೇಡ. ಇಲ್ಲಿನ ಕಾನೂನು ಬಿಗಿ. 50 ಸೆಂಟಿಮೀಟರ್‌ಗಿಂತ ಉದ್ದದ ಬಾಗಿದ ಕತ್ತಿಗಳ ಮಾರಾಟ, ಆಮದಿನ ಮೇಲೆ 2008ರಿಂದ ನಿರ್ಬಂಧ ಇದೆ, ರೀಎನಾಕ್ಟ್‌ಮೆಂಟಿಗೆ ವಿನಾಯಿತಿ ಇದ್ದರೂ ವಿಮಾನ ನಿಲ್ದಾಣದಲ್ಲಿ ಅದನ್ನು ವಾದಿಸುವ ಪಾಡು ಬೇಡ. ಇಲ್ಲೇ ಕೊಂಡ ಮೊಂಡು ಕತ್ತಿಯನ್ನೂ ಸುತ್ತಿ ಡಿಕ್ಕಿಯಲ್ಲಿ ಒಯ್ಯಬೇಕು, ಸೊಂಟಕ್ಕೆ ಕಟ್ಟಿಕೊಂಡು ಪೇಟೆಗೆ ಹೋಗುವ ಹಾಗಿಲ್ಲ. ಬಂದೂಕಿನ ಮದ್ದಿಗಂತೂ ಪೊಲೀಸರ ಪರವಾನಗಿ ಬೇಕೇ ಬೇಕು.

## ಇತಿಹಾಸ ಕೆದಕುವವರಿಗೆ

ಇಂಥ ಮನೆಗಳ ಮೇಲೆ ನಿಜವಾಗ್ಲೂ ದಾಳಿ ಆಗಿತ್ತಾ, ಇಲ್ಲ ಜಾಗ ಚೆನ್ನಾಗಿದೆ ಅಂತ ಮಾಡ್ತಾರಾ?

ಕೆಲವು ಕಡೆ ಜಾಗಕ್ಕಾಗಿಯೇ ಮಾಡುತ್ತಾರೆ, ಅದನ್ನು ಬಾಯ್ಬಿಟ್ಟು ಹೇಳಿದರೆ ತಪ್ಪಿಲ್ಲ. ಗೇನ್ಸ್‌ಬರೋ ಕಥೆ ಮಾತ್ರ ಬೇರೆ. ಅದನ್ನು ಕಟ್ಟಿಸಿದ ಬರೋ ನಾಲ್ಕನೇ ಎಡ್ವರ್ಡ್ ದೊರೆಯ ಕುದುರೆ ಲಾಯದ ಮುಖ್ಯಸ್ಥನಾಗಿದ್ದ, ಯಾರ್ಕ್ ಕಡೆಯವನು. 1470ರ ಹೊತ್ತಿಗೆ ಅಕ್ಕಪಕ್ಕದ ವೆಲ್ಸ್ ಮನೆತನದವರು ಅವನ ಮನೆಯ ಮೇಲೆ ಬಿದ್ದರು. ಆಸ್ತಿಪಾಸ್ತಿಯ ಹಗೆ ರಾಜಕೀಯದ ಹಗೆಗೆ ಬೆರೆತು ಬಂಡಾಯವೇ ಆಯಿತು. ದೊರೆ ಸೈನ್ಯ ತಂದ. ಬಂಡಾಯದ ಮುಖಂಡನ ತಂದೆ ಲಾರ್ಡ್ ವೆಲ್ಸ್ ದೊರೆಯ ಸೆರೆಯಲ್ಲಿದ್ದ. ಮಾರ್ಚ್ 12ರಂದು ಎಂಪಿಂಗ್‌ಹ್ಯಾಮ್ ಹತ್ತಿರ ಕಾಳಗ ಶುರುವಾಗುವ ಮೊದಲೇ ಆ ತಂದೆಯ ತಲೆ ತೆಗೆಸಿದ. ಬಂಡಾಯಗಾರರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಓಡುವಾಗ ಒಡೆಯನ ಬಣ್ಣದ ಅಂಗಿ ಕಳಚಿ ಎಸೆದರು, ಅದಕ್ಕೇ ಲೂಸ್‌ಕೋಟ್ ಫೀಲ್ಡ್ ಅನ್ನುವ ಹೆಸರು ಅಂತ ಜನ ಹೇಳುತ್ತಾರೆ. ಆ ಹೆಸರು ಹೊಲದ್ದೇ ಹಳೆಯ ಹೆಸರಾಗಿರಬಹುದು ಅನ್ನುವವರೂ ಇದ್ದಾರೆ. ನನ್ನ ಮೈಮೇಲೆ ಅಂಥದೇ ಅಂಗಿ ಇರುವಾಗ ಈ ಕಥೆ ಬೇರೆ ಥರ ಕೇಳಿಸುತ್ತದೆ. ಅದನ್ನು ತೊಟ್ಟವನು ಸೋತ ದಿನ ಅದೇ ಅವನ ಕೊರಳಿಗೆ ಬರುತ್ತಿತ್ತು.

1483ರಲ್ಲಿ ಮೂರನೇ ರಿಚರ್ಡ್ ಇದೇ ಮನೆಗೆ ಬಂದು ಹೋದ. ಎರಡು ವರ್ಷಕ್ಕೆ ಬಾಸ್ವರ್ತ್‌ನಲ್ಲಿ ಸತ್ತ.

ಶಿಬಿರದಲ್ಲಿ ಹೇಳೋದೆಲ್ಲ ನಿಜ ಅಂತ ಹೇಗೆ ನಂಬೋದು?

ಪೂರ್ತಿ ನಂಬಬೇಡಿ, 'ಇದು ಹೇಗೆ ಗೊತ್ತಾಯಿತು' ಅಂತ ಕೇಳಿ. ಒಳ್ಳೆಯವರು ಚಿತ್ರ, ಉಯಿಲು, ಲೆಕ್ಕದ ಪುಸ್ತಕ, ನೆಲದಲ್ಲಿ ಸಿಕ್ಕಿದ ವಸ್ತು ಯಾವುದು ಆಧಾರ ಅಂತ ಹೇಳುತ್ತಾರೆ, ಯಾವುದು ಊಹೆ ಅಂತಲೂ ಹೇಳುತ್ತಾರೆ. ತಿಳಿದದ್ದೂ ಬದಲಾಗುತ್ತದೆ. ಬಾಸ್ವರ್ತ್ ಕಾಳಗ ಆಂಬಿಯನ್ ಗುಡ್ಡದ ಮೇಲೆ ನಡೆಯಿತು ಅಂತ ಬಹಳ ಕಾಲ ನಂಬಿದ್ದರು, ಪ್ರವಾಸಿ ಕೇಂದ್ರವೂ ಅಲ್ಲೇ ಇದೆ. ಆಮೇಲೆ ಲೋಹಶೋಧಕ ಹಿಡಿದು ವರ್ಷಗಟ್ಟಲೆ ಹೊಲಗಳನ್ನು ಜಾಲಾಡಿದರು. ಸುಮಾರು 3 ಕಿಲೋಮೀಟರ್ ಆಚೆ 30ಕ್ಕೂ ಹೆಚ್ಚು ಸೀಸದ ಗುಂಡುಗಳು ಸಿಕ್ಕವು, ಜೊತೆಗೆ ಬೆಳ್ಳಿಯ ಒಂದು ಪುಟ್ಟ ಕಾಡುಹಂದಿ ಬಿಲ್ಲೆ. ರಿಚರ್ಡ್‌ಗೆ ಹತ್ತಿರವಿದ್ದ ಯಾರದೋ ಎದೆಯಿಂದ ಕಳಚಿ ಬಿದ್ದದ್ದು. ಈ ವಿಷಯ 2010ರಲ್ಲಿ ಹೊರಬಂದ ಮೇಲೆ ಯುದ್ಧದ ನಕ್ಷೆಯನ್ನೇ ಬದಲಿಸಬೇಕಾಯಿತು.

ಅಷ್ಟು ಜನ ಸತ್ತಿದ್ದನ್ನ ಮಕ್ಕಳ ಮುಂದೆ ಆಟದ ಥರ ಮಾಡೋದು ಸರಿನಾ?

ಅಮ್ಮ ಕೇಳಿದ ಪ್ರಶ್ನೆ ಇದು. ನಾನು ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ.

1461ರ ಮಾರ್ಚ್ 29, ಪಾಮ್ ಸಂಡೇ, ಅಂದರೆ ಈಸ್ಟರ್‌ಗೆ ಹಿಂದಿನ ಭಾನುವಾರ. ಯಾರ್ಕ್‌ಶೈರಿನ ಟೌಟನ್‌ನಲ್ಲಿ ಹಿಮ ಬೀಳುವಾಗ ಕಾಳಗ ನಡೆಯಿತು. 28,000 ಜನ ಸತ್ತರು ಅಂತ ಆ ಕಾಲದ ಪತ್ರಗಳು ಹೇಳುತ್ತವೆ. ಆ ಲೆಕ್ಕ ಜಾಸ್ತಿ ಇರಬಹುದು ಅಂತ ಇತಿಹಾಸಕಾರರು ಅನ್ನುತ್ತಾರೆ. 1996ರಲ್ಲಿ ಅಲ್ಲಿನ ಟೌಟನ್ ಹಾಲ್ ಅನ್ನುವ ಮನೆಯ ಪಕ್ಕ ಕಟ್ಟಡಕ್ಕೆ ಅಗೆಯುವಾಗ ಒಂದು ಗುಂಡಿ ಸಿಕ್ಕಿತು. ಸುಮಾರು 40 ಗಂಡಸರನ್ನು ಒತ್ತೊತ್ತಾಗಿ ಹೂಳಿದ್ದರು. ತಲೆಗಳ ಮೇಲೆ ಏಟಿನ ಮೇಲೆ ಏಟು. ಒಬ್ಬನ ದವಡೆಯಲ್ಲಿ ಹಳೆಯ, ವಾಸಿಯಾದ ಕತ್ತಿ ಗಾಯವಿತ್ತು. ಅಂದರೆ ಅವನು ಒಂದು ಯುದ್ಧ ನೋಡಿ, ಬದುಕಿ, ಮತ್ತೆ ಬಂದಿದ್ದ.

ನಮ್ಮ ಕಾಳಗದಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ, ಇದು ಯುದ್ಧ ಹೀಗಿತ್ತು ಅಂತ ತೋರಿಸುವುದೇ ಇಲ್ಲ. ಅದನ್ನು ನಾನು ಒಪ್ಪುತ್ತೇನೆ. ಚಪ್ಪಾಳೆ ಮುಗಿದ ಮೇಲೆ ಗುಂಪುಗಳು ಸತ್ತವರಿಗೆ ಒಂದು ನಿಮಿಷ ಸುಮ್ಮನೆ ನಿಲ್ಲುವುದನ್ನು ಎಷ್ಟೋ ಕಡೆ ನೋಡಿದ್ದೇನೆ, ಆ ಒಂದು ನಿಮಿಷ ಎಲ್ಲ ಕಡೆಯೂ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾಳಗ ಮುಗಿದ ಮೇಲೆ ಮಕ್ಕಳು ಬಂದು ಆಯುಧ ಮುಟ್ಟಿ ನೋಡಬೇಕು ಅನ್ನುತ್ತಾರೆ. ನನ್ನ ಉದ್ದ ಕೋಲಿನ ಬಿಲ್ ಆಯುಧವನ್ನು ಅಡ್ಡ ಹಿಡಿದು ಅವರ ಎರಡೂ ಕೈಗೆ ಕೊಡುತ್ತೇನೆ, ಭಾರಕ್ಕೆ ಕೈ ಕೆಳಗೆ ಹೋಗುತ್ತದೆ. ಆಗ ದವಡೆಗೆ ಗಾಯವಾದ ಆ ಟೌಟನ್ ಮನುಷ್ಯನ ಬಗ್ಗೆ ಹೇಳುತ್ತೇನೆ. ಹೆಚ್ಚಿನ ಮಕ್ಕಳು ಕೇಳುವುದು ಒಂದೇ: ಅವನು ಮತ್ತೆ ಯಾಕೆ ಹೋದ? ಅಮ್ಮ ಬಂದಿದ್ದ ವರ್ಷ ಒಬ್ಬಳು ಹುಡುಗಿ ಹಾಗೆ ಕೇಳಿದಾಗ ಪಕ್ಕದಲ್ಲಿದ್ದ ಅಮ್ಮ, 'ಅವಳು ಏನು ಕೇಳಿದಳು' ಅಂತ ನನ್ನನ್ನು ಕೇಳಿದರು. ಕನ್ನಡದಲ್ಲಿ ಹೇಳಿದೆ. ಆಮೇಲೆ ನಾವು ಮೂವರೂ ಹುಲ್ಲಿನ ಮೇಲೆ ಕೂತು ಬಹಳ ಹೊತ್ತು ಅದನ್ನೇ ಮಾತಾಡಿದೆವು.